ಹಳೆಯ ವಿಮಾನದ ಫೋಟೊ ಹಾಕುವಾಗ ಬಾಲಕ್ಕೆ ಕತ್ತರಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಫೋಟೊಗಳಿಗೆ ಪತ್ರಿಕೆಗಳು ಜಾಗ ಕೊಡುತ್ತಿರುವುದು ಸಂತೋಷದ ವಿಷಯ. ಅವುಗಳಲ್ಲಿ ಆಗೊಮ್ಮೆ ಈಗೊಮ್ಮೆ ವಿಮಾನವೂ ಕಾಣಿಸುತ್ತದೆ. ಆದರೆ ಎರಡು ಎಂಜಿನ್ ಇದ್ದದ್ದೆಲ್ಲ ಡಕೋಟಾ, ಎರಡು ಅಂತಸ್ತಿನ ರೆಕ್ಕೆ ಇದ್ದದ್ದೆಲ್ಲ ಟೈಗರ್ ಮಾತ್, ಮೂತಿ ಚೂಪಾದ ಯುದ್ಧವಿಮಾನವೆಲ್ಲ ಸ್ಪಿಟ್‌ಫೈರ್ ಎಂದು ಅಡಿಬರಹ ಹಾಕುವ ರೂಢಿ ಬಿದ್ದುಹೋಗಿದೆ. ತಪ್ಪು ಹೆಸರಾದರೆ ತಿದ್ದಬಹುದು. ನಮಗೆ ಹೆಚ್ಚು ಬೇಸರ ತರುವುದು ಕತ್ತರಿ. ಕಾಲಂ ಅಗಲಕ್ಕೆ ಹೊಂದಿಸಲು ಚಿತ್ರದ ಎರಡೂ ಅಂಚು ಕೊಯ್ದಾಗ ಹೋಗುವುದು ರೆಕ್ಕೆಯ ತುದಿ ಮತ್ತು ಬಾಲ. ಉಳಿಯುವುದು ಪ್ರೊಪೆಲ್ಲರ್ ಮುಂದೆ ಕೈಕಟ್ಟಿ ನಿಂತವರು. ನಿಂತವರು ಯಾರೆಂದು ಮನೆಯವರು ಹೇಳಬಲ್ಲರು. ನಿಂತ ವಿಮಾನ ಯಾವುದೆಂದು ಹೇಳಬೇಕಿದ್ದದ್ದು ಆ ಬಾಲ.

ಫೋಟೊ ನೋಡಿ ವಿಮಾನ ಗುರುತಿಸುವುದು ಬಹಳ ಜನಕ್ಕೆ ಹಿಡಿದಿರುವ ಹವ್ಯಾಸ. ಅದರ ಪಟ್ಟುಗಳನ್ನು ಇಲ್ಲಿ ಒಂದಿಷ್ಟು ವಿವರವಾಗಿಯೇ ಬರೆಯುತ್ತಿದ್ದೇವೆ. ಓದುಗರು ತಮ್ಮ ಮನೆಯ ಆಲ್ಬಂ ಮೇಲೆ ಪ್ರಯೋಗಿಸಲಿ, ನಿಮ್ಮ ಪುಟವಿನ್ಯಾಸದವರೂ ಓದಲಿ ಎಂಬ ಆಸೆ.

ಎರಡನೇ ಮಹಾಯುದ್ಧದಲ್ಲಿ ಆಕಾಶ ಕಾಯುವವರಿಗೆ ರೆಕ್ಕೆ, ಎಂಜಿನ್, ಒಡಲು, ಬಾಲ ಎಂಬ ಕ್ರಮದಲ್ಲಿ ನೋಡಲು ಕಲಿಸುತ್ತಿದ್ದರು. ತಲೆಯ ಮೇಲೆ ಹಾರಿಹೋಗುವ ವಿಮಾನಕ್ಕೆ ಅದು ಸರಿ. ನೆಲದ ಮೇಲೆ ನಿಂತ ವಿಮಾನದ ಫೋಟೊಗೆ ಇನ್ನೊಂದು ಪ್ರಶ್ನೆ ಮೊದಲು ಬರಬೇಕು: ಇದರಲ್ಲಿ ಸುಲಭವಾಗಿ ಬದಲಾಯಿಸಲಾಗದ್ದು ಯಾವುದು? ಬಣ್ಣ ಒಂದು ಮಧ್ಯಾಹ್ನದಲ್ಲಿ ಬದಲಾಗುತ್ತದೆ. ಪ್ರೊಪೆಲ್ಲರ್, ಚಕ್ರದ ಮುಚ್ಚಳ, ಎಂಜಿನ್ನಿನ ಹೊದಿಕೆ ಇವನ್ನೆಲ್ಲ ಬಿಚ್ಚಿ ಬೇರೆ ಹಾಕುತ್ತಿದ್ದರು. ರೆಕ್ಕೆ ಒಡಲಿಗೆ ಕೂಡುವ ಜಾಗ, ಸಿಲಿಂಡರ್‌ಗಳ ದಿಕ್ಕು, ಚಕ್ರದ ಕಾಲು ಎಲ್ಲಿಂದ ಇಳಿದಿದೆ ಎಂಬುದು, ಬಾಲದ ಅಂಚಿನ ಗೆರೆ ಇವು ಅಷ್ಟು ಬೇಗ ಬದಲಾಗುವುದಿಲ್ಲ. ಆರಂಭಿಗರು ಎಡವುವುದು ಇಲ್ಲೇ. ಬಣ್ಣ, ಲಾಂಛನ ನೋಡಿ ಮನಸ್ಸಿನಲ್ಲಿ ಒಂದು ಹೆಸರು ಕೂರಿಸಿಕೊಂಡುಬಿಟ್ಟರೆ ಆಮೇಲೆ ಕಣ್ಣು ಅದನ್ನೇ ಸಮರ್ಥಿಸುತ್ತ ಹೋಗುತ್ತದೆ.

ಮಾತ್‌ಗಳನ್ನೇ ತೆಗೆದುಕೊಳ್ಳಿ. ಡಿ ಹ್ಯಾವಿಲೆಂಡ್ ಕಂಪನಿಯ ಡಿಎಚ್ 60 ಮಾತ್ ಮೊದಲು ಹಾರಿದ್ದು 1925ರಲ್ಲಿ, ಜಿಪ್ಸಿ ಎಂಜಿನ್ ಕೂರಿಸಿದ ಜಿಪ್ಸಿ ಮಾತ್ ಬಂದದ್ದು 1928ರಲ್ಲಿ, ಡಿಎಚ್ 82 ಟೈಗರ್ ಮಾತ್ 1931ರ ಅಕ್ಟೋಬರ್‌ನಲ್ಲಿ. ಜಿಪ್ಸಿ ಮಾತ್‌ನ ಎಂಜಿನ್ ನೆಟ್ಟಗಿರುತ್ತದೆ. ಸಿಲಿಂಡರ್‌ಗಳ ತಲೆ ಮೂತಿಯ ಮೇಲೆ ಎದ್ದು ಕಾಣುತ್ತದೆ. ಟೈಗರ್ ಮಾತ್‌ನ ಎಂಜಿನ್ ತಲೆಕೆಳಗು. ಆದ್ದರಿಂದ ಮೂತಿಯ ಮೇಲಿನ ಗೆರೆ ನಯವಾಗಿ ಮುಂದಕ್ಕೆ ಇಳಿಯುತ್ತದೆ. ಇಷ್ಟಕ್ಕೇ ನಿಂತರೆ ಮೋಸ ಹೋಗುತ್ತೀರಿ. ಮಾತ್ ಮೇಜರ್ ಎಂಬ ನಡುವಿನದೊಂದಿದೆ, ಅದಕ್ಕೂ ತಲೆಕೆಳಗಾದ ಎಂಜಿನ್ನೇ. ಹಾಗಾಗಿ ರೆಕ್ಕೆ ನೋಡಲೇಬೇಕು. ಮುಂದಿನ ಸೀಟಿನವರು ಅವಸರದಲ್ಲಿ ಹೊರಗೆ ಬರಲು ಮೇಲಿನ ರೆಕ್ಕೆ ಮತ್ತು ಅದನ್ನು ಹೊತ್ತ ಕಂಬಗಳು ಅಡ್ಡ ಬರುತ್ತಿದ್ದವು. ಟೈಗರ್ ಮಾತ್ ಮಾಡುವಾಗ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಹಾಗೆ ಸರಿಸಿದಾಗ ತೂಕದ ಹೊಂದಿಕೆ ಕೆಡುತ್ತದೆ, ಅದನ್ನು ಸರಿಮಾಡಲು ರೆಕ್ಕೆಗಳ ತುದಿಯನ್ನು ಹಿಂದಕ್ಕೆ ಓರೆ ಮಾಡಿದರು. ಆ ಓರೆ ಇದ್ದರೆ ಟೈಗರ್, ರೆಕ್ಕೆ ನೇರವಾಗಿದ್ದರೆ ಡಿಎಚ್ 60ರ ಸಂಸಾರ. ರೆಕ್ಕೆಯ ತುದಿ ಕತ್ತರಿಸಿದ ಚಿತ್ರದಲ್ಲಿ ಇದನ್ನು ಹೇಗೆ ನೋಡುವುದು, ನೀವೇ ಹೇಳಿ.

ಬೆಲ್ಜಿಯಂ ಮೂಲದ ಸ್ಟಾಂಪ್ ಎಸ್‌ವಿ 4 ಕೂಡ ಓರೆ ರೆಕ್ಕೆಯ ಬೈಪ್ಲೇನ್, ಅಂದರೆ ಎರಡು ಅಂತಸ್ತಿನ ರೆಕ್ಕೆಯ ವಿಮಾನ. ಅದನ್ನು ಟೈಗರ್ ಎನ್ನುವ ತಪ್ಪು ವಿಮಾನ ಬಲ್ಲವರಿಂದಲೂ ಆಗುತ್ತದೆ. ಟೈಗರ್‌ಗೆ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂದಂಚಿನಲ್ಲಿರುವ ಅಲುಗುವ ಪಟ್ಟಿ) ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ; ಸ್ಟಾಂಪ್‌ಗೆ ನಾಲ್ಕೂ ಕಡೆ. ಮೇಲಿನ ರೆಕ್ಕೆಯ ಹಿಂದಿನ ಅಂಚಿನಲ್ಲಿ ಸೀಳಿದ ಗೆರೆ ಕಾಣುತ್ತದೆಯೇ ಎಂದು ಮಸೂರ ಹಿಡಿದು ನೋಡಿದರೆ ಮುಗಿಯಿತು. ಇನ್ನೊಂದು ತಮಾಷೆ: 1927ರಲ್ಲೇ ಡಿ ಹ್ಯಾವಿಲೆಂಡ್ ಕಂಪನಿ ಡಿಎಚ್ 71 ಎಂಬ ಪುಟ್ಟ ಒಂಟಿ ರೆಕ್ಕೆಯ ರೇಸ್ ವಿಮಾನ ಎರಡೇ ಎರಡು ಮಾಡಿತ್ತು. ಅದರ ಹೆಸರೂ ಟೈಗರ್ ಮಾತ್. ಆ ವರ್ಷದ ಚಿತ್ರದ ಹಿಂದೆ ಹಾಗೆ ಬರೆದಿದ್ದರೆ ಬರೆದವರನ್ನು ತಿದ್ದಲು ಹೋಗಬೇಡಿ.

ಮಾತ್ ಎಂಬುದು ಬೈಪ್ಲೇನೇ ಆಗಿರಬೇಕೆಂಬ ನಂಬಿಕೆಯಿಂದ ಇನ್ನೊಂದು ಎಡವಟ್ಟು ಆಗುತ್ತಿರುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದದ್ದು ಪುಸ್ ಮಾತ್‌ನಲ್ಲಿ, ನೋಂದಣಿ ವಿಟಿ-ಎಡಿಎನ್. ಪುಸ್ ಮಾತ್‌ಗೆ ಒಂದೇ ರೆಕ್ಕೆ, ಅದೂ ತಲೆಯ ಮೇಲೆ, ಕ್ಯಾಬಿನ್ ಮುಚ್ಚಿದ್ದು. 1982ರಲ್ಲಿ ಅವರೇ ಆ ಹಾರಾಟವನ್ನು ಮತ್ತೆ ಮಾಡಿದ್ದು ಲೆಪರ್ಡ್ ಮಾತ್‌ನಲ್ಲಿ. ಎರಡೂ ನೋಡಲು ಅಕ್ಕತಂಗಿಯರಂತಿವೆ. ಪುಸ್ ಮಾತ್‌ನಲ್ಲಿ ಚಕ್ರದ ಆನಿಕೆ ಕಾಲು ಮೇಲೆ ರೆಕ್ಕೆಯ ಬುಡದ ಕಡೆಗೆ ಹೋಗುತ್ತದೆ. ಲೆಪರ್ಡ್‌ನಲ್ಲಿ ಅದು ಮುಂದಕ್ಕೆ, ಎಂಜಿನ್ನಿನ ಹಿಂಬದಿಯ ಕಡೆಗೆ ವಾಲಿರುತ್ತದೆ. ಆ ಕೋಲಿನ ದಿಕ್ಕೊಂದನ್ನು ನೋಡಿದರೆ 50 ವರ್ಷದ ಅಂತರ ತಪ್ಪಿಹೋಗುವುದಿಲ್ಲ.

ಡಕೋಟಾ ವಿಚಾರಕ್ಕೆ ಬರೋಣ. ಅದು ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ-3 ಮತ್ತು ಅದರ ಸೇನಾ ರೂಪಕ್ಕೆ ಬಿದ್ದ ಹೆಸರು; ಡಿಸಿ-2 ಅದರ ಅಣ್ಣ. ಡಿಸಿ-2 ಮೊದಲು ಹಾರಿದ್ದು 1934ರ ಮೇ ತಿಂಗಳಲ್ಲಿ, ಡಿಸಿ-3 ಮರುವರ್ಷದ ಡಿಸೆಂಬರ್ 17ರಂದು. ಡಿಸಿ-2ರ ಒಡಲ ಪಕ್ಕ ಚಪ್ಪಟೆ, 14 ಪ್ರಯಾಣಿಕರ ಅಗಲ. ಸಾಮಾನ್ಯವಾಗಿ ಮೂತಿಯಲ್ಲೇ ಎರಡು ದೊಡ್ಡ ದೀಪಗಳಿರುತ್ತವೆ. ಡಿಸಿ-3ರ ಒಡಲು ದುಂಡಗೆ, 21 ಸೀಟು. ಇಳಿಯುವ ದೀಪಗಳು ರೆಕ್ಕೆಯ ಮುಂದಂಚಿಗೆ ಹೋದವು. ಸೇನೆಗೆ ಮಾಡಿದ ಸಿ-47ಕ್ಕೆ ಎಡಗಡೆ ಹಿಂಬದಿಯಲ್ಲಿ ಸರಕು ತುಂಬುವ ದೊಡ್ಡ ಜೋಡಿ ಬಾಗಿಲು. ಯುದ್ಧ ಮುಗಿದ ಮೇಲೆ ಅವೆಷ್ಟೋ ಪ್ರಯಾಣಿಕರ ಸೇವೆಗೆ ಬಂದವು, ಆದರೆ ಆ ದೊಡ್ಡ ಬಾಗಿಲಿನ ಅಂಚಿನ ಗೆರೆ ಬಣ್ಣದ ಅಡಿಯಲ್ಲೂ ಹೆಚ್ಚಾಗಿ ಉಳಿದುಕೊಂಡಿತು.

ಈಗ ಬಾಗಿಲು ಬಲಗಡೆ ಇರುವ ಚಿತ್ರ ಸಿಕ್ಕಿತು ಎನ್ನಿ. ಮೂರು ಸಾಧ್ಯತೆಗಳಿವೆ. ಸೋವಿಯತ್ ಒಕ್ಕೂಟದಲ್ಲಿ ಪರವಾನಗಿ ಪಡೆದು ಮಾಡಿದ ಲಿ-2ಕ್ಕೆ ಪ್ರಯಾಣಿಕರ ಬಾಗಿಲು ಬಲಕ್ಕೆ. ಅಮೆರಿಕನ್ ಏರ್‌ಲೈನ್ಸ್‌ನ ಮೊದಮೊದಲ ಡಿಸಿ-3ಗಳಿಗೂ ಬಲಕ್ಕೇ. ಮೂರನೆಯದೇ ಎಲ್ಲಕ್ಕಿಂತ ಹೆಚ್ಚು ನಡೆಯುವಂಥದ್ದು: ನೆಗೆಟಿವ್ ಮಗುಚಿ ಹಾಕಿ ಪ್ರಿಂಟ್ ತೆಗೆದಿರುತ್ತಾರೆ! ಅಪರೂಪದ ವಿಮಾನ ಸಿಕ್ಕಿತೆಂದು ಕುಣಿಯುವ ಮೊದಲು ಮಗುಚಿದೆಯೇ ಎಂದು ಪರೀಕ್ಷಿಸಬೇಕು. ಅಕ್ಷರ ಕಂಡರೆ ಸರಿಯೇ ಸರಿ. ಇಲ್ಲದಿದ್ದರೆ ನಿಂತವರ ಕೋಟು ನೋಡಿ. ಗಂಡಸರ ಕೋಟಿನಲ್ಲಿ ಎಡಭಾಗ ಮೇಲೆ ಬಂದು ಗುಂಡಿ ಬೀಳುತ್ತದೆ, ಎದೆಯ ಜೇಬು ಎಡಕ್ಕಿರುತ್ತದೆ. ಹತ್ತು ಜನರಲ್ಲಿ ಒಬ್ಬರ ಕೈಗಡಿಯಾರ ಬಲಗೈಯಲ್ಲಿದ್ದರೆ ಅದು ಅವರ ಅಭ್ಯಾಸ. ಹತ್ತೂ ಜನರದು ಬಲಗೈಯಲ್ಲಿದ್ದರೆ ಅದು ಕತ್ತಲೆಕೋಣೆಯ ತಪ್ಪು.

ಸ್ಪಿಟ್‌ಫೈರ್ ಆದರೆ ಚಿತ್ರ ಮಗುಚಿದೆಯೇ ಎಂಬುದಕ್ಕೆ ವಿಮಾನವೇ ಸಾಕ್ಷಿ ಹೇಳುತ್ತದೆ. ಮೊದಲ ಮಾದರಿಗಳಿಂದ ಐದನೇ ಮಾರ್ಕ್, ಅಂದರೆ ಐದನೇ ಆವೃತ್ತಿಯವರೆಗೆ ಬಲರೆಕ್ಕೆಯ ಅಡಿಯಲ್ಲಿ ದೊಡ್ಡ ರೇಡಿಯೇಟರ್, ಎಡರೆಕ್ಕೆಯ ಅಡಿಯಲ್ಲಿ ಎಣ್ಣೆ ತಣಿಸುವ ಸಣ್ಣ ಕೊಳವೆಯಂಥದ್ದು. ಒಂಬತ್ತನೇ ಮಾರ್ಕ್‌ನಲ್ಲಿ ಎಂಜಿನ್ನಿಗೆ ಎರಡು ಹಂತದ ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಬಂತು, ಒತ್ತಿ ಬಿಸಿಯಾದ ಗಾಳಿಯನ್ನು ತಣಿಸಬೇಕಾಯಿತು, ಹಾಗಾಗಿ ಎರಡೂ ಕಡೆ ಒಂದೇ ಗಾತ್ರದ ಪೆಟ್ಟಿಗೆಗಳಾದವು. ಅದೇ ಕಾಲದ ಇನ್ನೊಂದು ಬ್ರಿಟಿಷ್ ಯುದ್ಧವಿಮಾನ ಹರಿಕೇನ್‌ಗೆ ರೇಡಿಯೇಟರ್ ಹೊಟ್ಟೆಯ ನಡುವೆ ಒಂದೇ, ಚಕ್ರಗಳು ಒಳಮುಖವಾಗಿ ಮಡಚುತ್ತವೆ, ಕಾಕ್‌ಪಿಟ್ ಹಿಂದಿನ ಒಡಲು ಬಟ್ಟೆ ಹೊದಿಸಿದ್ದಾದ್ದರಿಂದ ಒಳಗಿನ ಪಟ್ಟಿಗಳು ಬಿಸಿಲಿನಲ್ಲಿ ಗೆರೆಗೆರೆಯಾಗಿ ಕಾಣುತ್ತವೆ. ಮೂರು ಎಂಜಿನ್ನಿನ ಹಳೆಯ ಪ್ರಯಾಣಿಕ ವಿಮಾನಗಳಲ್ಲಿ ಗೊಂದಲ ಕಡಿಮೆ: ರೆಕ್ಕೆ ಕೆಳಗಿದ್ದು ಮೈ ತಗಡಿನ ಚಾವಣಿಯಂತೆ ಅಲೆಯಲೆಯಾಗಿದ್ದರೆ ಯುಂಕರ್ಸ್ 52, ರೆಕ್ಕೆ ಮೇಲಿದ್ದು ಮೈ ಅಲೆಯಲೆಯಾಗಿದ್ದರೆ ಫೋರ್ಡ್, ರೆಕ್ಕೆ ಮೇಲಿದ್ದು ಮೈ ನಯವಾಗಿದ್ದರೆ ಮೊದಲ ಊಹೆ ಫೊಕ್ಕರ್. ವೃತ್ತಾಕಾರದ ಎಂಜಿನ್ನಿನ ಸಿಲಿಂಡರ್ ಎಣಿಸುವಾಗ ಒಂದು ಸಾಲಿನಲ್ಲಿ ಎಂಟು ಬಂದರೆ ಮತ್ತೆ ಎಣಿಸಿ, ಒಂದು ಪ್ರೊಪೆಲ್ಲರ್ ಹಿಂದೆ ಅಡಗಿರುತ್ತದೆ. ಎರಡು ಸುತ್ತಿನಲ್ಲಿ ಒಂದು ಬಿಟ್ಟು ಒಂದು ಸಿಲಿಂಡರ್ ಉರಿಯುವ ಲೆಕ್ಕ ಕೂಡಿಬರಬೇಕಾದರೆ ಸಾಲಿನಲ್ಲಿ ಬೆಸ ಸಂಖ್ಯೆಯೇ ಇರಬೇಕು. ಐದು, ಏಳು, ಒಂಬತ್ತು ಹೀಗೆ.

ಅತಿ ಹೆಚ್ಚು ದಾರಿ ತಪ್ಪಿಸುವುದು ಬಣ್ಣ. ಕಪ್ಪುಬಿಳುಪು ಚಿತ್ರದಲ್ಲಿ ಬಣ್ಣ ಎಲ್ಲಿಂದ ಬಂತು ಎನ್ನಬೇಡಿ, ಎಲ್ಲರೂ ಬೂದು ಛಾಯೆಯಿಂದ ಬಣ್ಣ ಊಹಿಸುತ್ತಲೇ ಇರುತ್ತಾರೆ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದಿಲ್ಲ, ನೀಲಿ ಅತಿಯಾಗಿ ಕಾಣುತ್ತದೆ. ಪ್ರಿಂಟ್‌ನಲ್ಲಿ ಕೆಂಪು ಕಪ್ಪಾಗುತ್ತದೆ, ಹಳದಿ ಗಾಢ ಬೂದಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ಬ್ರಿಟನ್ನಿನ ವಾಯುಪಡೆಯ ಹಳದಿ ಬಳಿದ ತರಬೇತಿ ವಿಮಾನ ಇಂಥ ಫಿಲ್ಮ್‌ನಲ್ಲಿ ಮಸಿ ಬಳಿದಂತೆ ಬರುತ್ತದೆ. ನೋಡಿದವರು ರಾತ್ರಿ ಹಾರಾಟಕ್ಕೆಂದು ಕಪ್ಪು ಬಳಿದದ್ದು ಎನ್ನುತ್ತಾರೆ. ಲಾಂಛನದ ಸುತ್ತ ಇರುವ ಹಳದಿ ಬಳೆಯೂ ಹಾಗೆಯೇ ಹಿನ್ನೆಲೆಯಲ್ಲಿ ಕರಗಿ ಮಾಯವಾಗುತ್ತದೆ. ಬ್ರಿಟಿಷ್ ಲಾಂಛನಕ್ಕೆ ಹೊರಗೆ ನೀಲಿ, ಒಳಗೆ ಕೆಂಪು, ಫ್ರೆಂಚರದು ತಿರುಗುಮುರುಗು. ಆರ್ಥೊ ಫಿಲ್ಮ್‌ನಲ್ಲಿ ನಡುಚುಕ್ಕೆ ಕಪ್ಪಗಿದ್ದರೆ ಬ್ರಿಟಿಷ್, ಹೊರಬಳೆ ಕಪ್ಪಗಿದ್ದರೆ ಫ್ರೆಂಚ್. ಎಲ್ಲ ಬಣ್ಣ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ನಲ್ಲಿ ಕೆಂಪು, ನೀಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದು, ಅಲ್ಲಿ ಈ ಪಟ್ಟು ನಡೆಯದು.

ಹಾಗಾದರೆ ಯಾವ ಫಿಲ್ಮ್ ಎಂದು ತಿಳಿಯುವುದು ಹೇಗೆ? ವಿಮಾನ ಬಿಟ್ಟು ಜನರನ್ನು ನೋಡಿ. ತುಟಿ ಕಪ್ಪಗೆ, ಆಕಾಶ ಮೋಡವಿಲ್ಲದೆ ಬೋಳು ಬಿಳಿ ಇದ್ದರೆ ಆರ್ಥೊ ಇರಬಹುದು. ಇದು ಮೊದಲ ಮಹಾಯುದ್ಧಕ್ಕೇ ಮುಗಿದುಹೋದ ಫಿಲ್ಮ್ ಎಂದುಕೊಳ್ಳಬೇಡಿ. ಮನೆಮಂದಿ ಹೆಚ್ಚಾಗಿ ಕೊಳ್ಳುತ್ತಿದ್ದ ಕೊಡಾಕ್ ವೆರಿಕ್ರೋಮ್ 1931ರಿಂದ 1956ರವರೆಗೂ ಆರ್ಥೊ ಆಗಿಯೇ ಇತ್ತು. ಕಂಪ್ಯೂಟರ್‌ನಿಂದ ಬಣ್ಣ ತುಂಬಿಸಿದ ಹಳೆಯ ವಿಮಾನ ಚಿತ್ರಗಳು ನಮಗೆ ಹಿಡಿಸದಿರುವುದು ಇದಕ್ಕೇ. ಗಾಢ ಬೂದು ಕಂಡ ಕಡೆಯೆಲ್ಲ ಆ ಯಂತ್ರ ಸೈನ್ಯದ ಹಸಿರು ತುಂಬುತ್ತದೆ, ಅಲ್ಲಿದ್ದದ್ದು ಕಣ್ಣು ಕುಕ್ಕುವ ಹಳದಿ.

ಕಾಲ ಹೇಳಲು ಲಾಂಛನಗಳು ಒಳ್ಳೆಯ ಪಂಚಾಂಗ. ಅಮೆರಿಕದ ನಕ್ಷತ್ರದ ನಡುವಿನ ಕೆಂಪು ಚುಕ್ಕೆ 1942ರ ಮೇ ತಿಂಗಳಲ್ಲಿ ಹೋಯಿತು. 1943ರ ಜೂನ್‌ನಲ್ಲಿ ಎರಡೂ ಪಕ್ಕ ಬಿಳಿ ಪಟ್ಟಿ ಬಂದವು, ಸುತ್ತ ಕೆಂಪು ಗೆರೆಯೊಂದಿಗೆ. ಕೆಲವೇ ತಿಂಗಳಲ್ಲಿ ಆ ಗೆರೆ ನೀಲಿಯಾಯಿತು. ಪಟ್ಟಿಯೊಳಗೆ ಕೆಂಪು ಗೆರೆ ಸೇರಿದ್ದು 1947ರ ಜನವರಿಯಲ್ಲಿ. ಇವೆಲ್ಲ ಆದೇಶದ ದಿನಾಂಕಗಳು. ದೂರದ ನೆಲೆಯಲ್ಲಿ ಬಣ್ಣದ ಡಬ್ಬಿ ತೆರೆದದ್ದು ಯಾವಾಗಲೋ, ಆದ್ದರಿಂದ ಇಂಥ ದಿನಕ್ಕಿಂತ ಹಿಂದಿನದಲ್ಲ ಎಂದು ಧೈರ್ಯವಾಗಿ ಹೇಳಬಹುದೇ ಹೊರತು ಇಂಥ ದಿನಕ್ಕಿಂತ ಮುಂದಿನದಲ್ಲ ಎಂದು ಹೇಳಲಾಗದು. ಭಾರತ, ಬರ್ಮಾ ರಂಗದಲ್ಲಿ ಬ್ರಿಟಿಷ್ ವಿಮಾನಗಳ ಲಾಂಛನದಿಂದ ಕೆಂಪನ್ನೇ ತೆಗೆದುಹಾಕಿದ್ದರು, ಜಪಾನಿನ ಕೆಂಪು ಸೂರ್ಯನೆಂದು ತಮ್ಮವರೇ ಗುಂಡು ಹಾರಿಸಿಯಾರೆಂದು.

ನಾಗರಿಕ ವಿಮಾನವಾದರೆ ನೋಂದಣಿ ಅಕ್ಷರ ಸಿಕ್ಕರೆ ಅರ್ಧ ಕೆಲಸ ಆದಂತೆ. ಬ್ರಿಟನ್ನಿನವು ಜಿ-ಇ ಸಾಲಿನಿಂದ 1919ರಲ್ಲಿ ಶುರುವಾಗಿ 1928ರಲ್ಲಿ ಜಿ-ಎಎಎಎಗೆ ಬಂದವು. ಭಾರತದ ವಿಟಿ ಬಳಕೆಗೆ ಬಂದದ್ದು 1929ರಲ್ಲಿ. ಅದಕ್ಕೂ ಮೊದಲು ಜಿ-ಐ. ಜರ್ಮನಿಯಲ್ಲಿ ಡಿ ಮುಂದೆ ಅಂಕಿ ಇದ್ದರೆ 1934ಕ್ಕಿಂತ ಹಿಂದಿನ ಪದ್ಧತಿ, ಅಕ್ಷರಗಳಿದ್ದರೆ ನಂತರದ್ದು. ಅಮೆರಿಕದ ಎನ್‌ಸಿ 1948ರ ಕೊನೆಗೆ ಹೋಗಿ ಬರೀ ಎನ್ ಉಳಿಯಿತು. ನೋಂದಣಿ ಗೊತ್ತಾದರೆ ಆ ವಿಮಾನದ ಹುಟ್ಟು ಸಾವಿನ ನಡುವೆ ಚಿತ್ರವನ್ನು ಕೂರಿಸಬಹುದು. ಏರ್ ಇಂಡಿಯಾದ ಕಾನ್ಸ್ಟಲೇಷನ್ ವಿಮಾನ ವಿಟಿ-ಸಿಕ್ಯೂಪಿ, ಹೆಸರು ಮಲಬಾರ್ ಪ್ರಿನ್ಸೆಸ್, ಸೇವೆಗೆ ಬಂದದ್ದು 1948ರಲ್ಲಿ. 1950ರ ನವೆಂಬರ್ 3ರಂದು ಆಲ್ಪ್ಸ್ ಪರ್ವತಗಳ ಮೌಂಟ್ ಬ್ಲಾಂಕ್‌ಗೆ ಬಡಿದು ನಾಶವಾಯಿತು. ಅದರ ಮುಂದೆ ನಿಂತ ಯಾವ ಫೋಟೊವೂ ಆ ಮೂರು ವರ್ಷಗಳ ಆಚೆಗೆ ಹೋಗದು. ಅಮೆರಿಕದ ಸೇನಾ ವಿಮಾನಗಳ ಬಾಲದ ಸಂಖ್ಯೆಯಲ್ಲಿ ಖರೀದಿ ವರ್ಷದ ಕೊನೆಯ ಅಂಕಿ ಮಾತ್ರ ಬರೆಯುತ್ತಿದ್ದರು: 42-93000 ಎಂಬುದು ಬಾಲದಲ್ಲಿ 293000. ಮುಂದೆ ಹತ್ತು ವರ್ಷ ದಾಟಿದ ವಿಮಾನಗಳಿಗೆ ಸಂಖ್ಯೆಯ ಮುಂದೊಂದು ಸೊನ್ನೆ ಬರೆದರು. ಆ ಸೊನ್ನೆಯನ್ನು ಸಂಖ್ಯೆಗೆ ಸೇರಿಸಿ ಹುಡುಕಿದರೆ ಎಲ್ಲೂ ಸಿಗದು.

ಅಕ್ಷರ ಓದಲು ಸ್ಕ್ಯಾನ್ ಚೆನ್ನಾಗಿರಬೇಕು. 6×9 ಸೆಂ.ಮೀ. ಪ್ರಿಂಟನ್ನು ಇಂಚಿಗೆ 1200 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 2800×4250 ಪಿಕ್ಸೆಲ್ ಸಿಗುತ್ತದೆ. ಆ ಪ್ರಿಂಟ್‌ನಲ್ಲಿ 2 ಮಿ.ಮೀ. ಎತ್ತರದ ಅಕ್ಷರಕ್ಕೆ 94 ಪಿಕ್ಸೆಲ್. ಅದನ್ನೇ ಮೊಬೈಲ್‌ನಲ್ಲಿ ಕಳಿಸಿ, ಕುಗ್ಗಿ ಇಂಚಿಗೆ 150 ಚುಕ್ಕಿಗೆ ಇಳಿದರೆ 12 ಪಿಕ್ಸೆಲ್. ಇ ಯಾವುದು ಎಫ್ ಯಾವುದು, ಸಿ ಯಾವುದು ಜಿ ಯಾವುದು ಹೇಳಲು ಬಾರದು. ಪತ್ರಿಕೆಯಲ್ಲಿ ಇಂಚಿಗೆ 85ರಿಂದ 100 ಸಾಲು ಚುಕ್ಕಿಗಳಷ್ಟೇ, ಅಂದರೆ ಅದೇ ಅಕ್ಷರಕ್ಕೆ ಏಳೆಂಟು ಚುಕ್ಕಿ. ಅಚ್ಚಾದ ಪುಟದಿಂದ ಸ್ಕ್ಯಾನ್ ಮಾಡಿ ಗುರುತಿಸಿಕೊಡಿ ಎಂದರೆ ಕೈಚೆಲ್ಲಬೇಕಾಗುತ್ತದೆ. ವಿವರ ಕಳೆದುಹೋಗದ ಟಿಫ್ ಕಡತದ ರೂಪದಲ್ಲಿ ಉಳಿಸಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಮಾಸಿದ ಪೆನ್ಸಿಲ್ ಬರಹ ಪಕ್ಕದಿಂದ ಓರೆ ಬೆಳಕು ಬಿಟ್ಟರೆ ಒತ್ತಿನ ಗುರುತಾಗಿ ಓದಲು ಬರುತ್ತದೆ. ಮಸುಕು ಚಿತ್ರವನ್ನು ಚೊಕ್ಕ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ. ಅವು ಅಕ್ಷರ ಓದುವುದಿಲ್ಲ, ಬರೆಯುತ್ತವೆ. ಹಾಗೆ ಹುಟ್ಟಿದ ಜಿ ಅಕ್ಷರ ಹಿಡಿದು ನೋಂದಣಿ ಪುಸ್ತಕ ತಡಕಿದರೆ ಇಲ್ಲದ ವಿಮಾನದ ಚರಿತ್ರೆ ಬರೆದಂತಾಗುತ್ತದೆ.

ಸುಳ್ಳು ಚಿತ್ರಗಳೂ ಇವೆ. 1930ರ ದಶಕದಲ್ಲಿ ಹೆಸರು ಮಾಡಿದ ಕಾಕ್‌ಬರ್ನ್-ಲ್ಯಾಂಗ್ ಸಂಗ್ರಹದ ಮೊದಲ ಮಹಾಯುದ್ಧದ ಆಕಾಶಕಾಳಗದ ಚಿತ್ರಗಳು ಮಾದರಿ ವಿಮಾನಗಳಿಂದ ಮಾಡಿದವೆಂದು ದಾಖಲೆ ಸಮೇತ ಗೊತ್ತಾದದ್ದು 1984ರಲ್ಲಿ. ಪ್ರೊಪೆಲ್ಲರ್ ಇಲ್ಲಿ ಒಳ್ಳೆಯ ಪರೀಕ್ಷೆ. ನಿಮಿಷಕ್ಕೆ 2400 ಸುತ್ತು ತಿರುಗುವ ಪ್ರೊಪೆಲ್ಲರ್ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ 14 ಡಿಗ್ರಿ ಸರಿಯುತ್ತದೆ. ಪೆಟ್ಟಿಗೆ ಕ್ಯಾಮೆರಾದ ಐವತ್ತರಲ್ಲೊಂದು ಸೆಕೆಂಡಿನಲ್ಲಿ ಮುಕ್ಕಾಲು ಸುತ್ತಿಗೂ ಹೆಚ್ಚು. ಸಾಧಾರಣ ಕ್ಯಾಮೆರಾದ ಚಿತ್ರದಲ್ಲಿ ಹಾರುವ ವಿಮಾನದ ಅಲಗು ಕತ್ತಿಯಂತೆ ಚೊಕ್ಕವಾಗಿ ನಿಂತಿದ್ದರೆ ಅನುಮಾನಿಸಿ. ಸಿನಿಮಾ ಚಿತ್ರಗಳು ಯುದ್ಧದ ಫೋಟೊಗಳೆಂದು ಓಡಾಡುವುದೂ ಉಂಟು. ಅವುಗಳಲ್ಲಿ ಜರ್ಮನ್ ಮೆಸರ್‌ಶ್ಮಿಟ್ 109 ಎಂದು ಕಾಣುವುದು ಎಷ್ಟೋ ಸಲ ಯುದ್ಧಾನಂತರ ಸ್ಪೇನ್‌ನಲ್ಲಿ ಬ್ರಿಟಿಷ್ ಮೆರ್ಲಿನ್ ಎಂಜಿನ್ ಹಾಕಿ ಮಾಡಿದ ಬುಚೋನ್. ಜರ್ಮನ್ ಎಂಜಿನ್ ತಲೆಕೆಳಗು, ಹೊಗೆಕೊಳವೆಗಳ ಸಾಲು ಮೂತಿಯ ಕೆಳಭಾಗದಲ್ಲಿ. ಮೆರ್ಲಿನ್ ನೆಟ್ಟಗೆ, ಸಾಲು ಮೇಲ್ಭಾಗದಲ್ಲಿ. ಪ್ರೊಪೆಲ್ಲರ್ ಅಲಗು ಮೂರರ ಬದಲು ನಾಲ್ಕು.

ನಿಮ್ಮಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಮುಖಗಳು ಕಾಣಬೇಕೆಂದು ಕತ್ತರಿಸಲೇಬೇಕಾದರೆ ಕತ್ತರಿಸಿ, ಆದರೆ ಪೂರ್ತಿ ಚಿತ್ರವನ್ನು ಪಕ್ಕದಲ್ಲಿ ಅಂಚೆಚೀಟಿಯಷ್ಟಾದರೂ ಹಾಕಿ, ಜಾಲತಾಣದಲ್ಲಿ ಅಂಚು ಸಮೇತ ದೊಡ್ಡದಾಗಿ ಇಡಿ. ಪುಟದ ಅಂದಕ್ಕೆ ಎಡಬಲ ಮಗುಚಬೇಡಿ. ಬಣ್ಣ ತುಂಬಬೇಡಿ. ಅಡಿಬರಹದಲ್ಲಿ ಗೊತ್ತಿರುವುದನ್ನೂ ಊಹೆಯನ್ನೂ ಬೇರೆಬೇರೆ ಹೇಳಿ: "ಡಿ ಹ್ಯಾವಿಲೆಂಡ್ ಮಾತ್ ಕುಟುಂಬದ್ದು ಖಚಿತ, ರೆಕ್ಕೆಯ ಓರೆಯಿಂದ ಟೈಗರ್ ಎನಿಸುತ್ತದೆ, ನೋಂದಣಿಯ ಕೊನೆಯ ಎರಡು ಅಕ್ಷರ ಓದಲಾಗಿಲ್ಲ" ಎಂದರೆ ಸಾಕು, ಆ ಎರಡು ಅಕ್ಷರ ಓದಲು ಓದುಗರಲ್ಲಿ ಯಾರಾದರೂ ಕೂತೇ ಕೂರುತ್ತಾರೆ. ಫೋಟೊ ಕಳಿಸುವವರಿಗೂ ಒಂದು ಸೂಚನೆ ಹಾಕಿ: ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯಬಾರದು, ಒತ್ತು ಮುಂಬದಿಗೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್, ಅದೂ ಅಂಚಿನಲ್ಲಿ.

ಇಂತಿ,
ಹಳೆಯ ವಿಮಾನ ಚಿತ್ರಗಳ ಕೆಲವು ಹವ್ಯಾಸಿಗಳು